ಕದ್ದು ತಿಂದ ಉಪ್ಪು

ನಮ್ಮ ಮನೆಯಲ್ಲಿ ಬಿಪಿಯ ಹಕ್ಕುದಾರ ನಾನೊಬ್ಬನೇ ಎಂದು ತಿಳಿದಿದ್ದೆ. ಬಸ್ ಡ್ರೈವರ್ ಆದವನಿಗೆ ಬಿಪಿ ಬರದಿದ್ದರೆ ಅವನು ಸ್ಟೇರಿಂಗ್ ಹಿಡಿದೇ ಇಲ್ಲ ಎಂದು ನಮ್ಮ ಡಿಪೋದಲ್ಲಿ ಚೇಷ್ಟೆ ಮಾಡುತ್ತಾರೆ. ಇಂಡಿಯಿಂದ ಸಿಂದಗಿ, ಸಿಂದಗಿಯಿಂದ ಮುದ್ದೇಬಿಹಾಳ, ಮತ್ತೆ ಹೊರಳಿ ಅದೇ ದಾರಿ. ರಸ್ತೆಯ ತಗ್ಗಿಗೆ ಬೈಯುವುದು, ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರಿಗೆ ಬೈಯುವುದು, ನಡುದಾರಿಯಲ್ಲಿ ಎಮ್ಮೆ ನಿಲ್ಲಿಸಿಕೊಂಡು ಹರಟೆ ಹೊಡೆಯುವವರಿಗೆ ಬೈಯುವುದು. ದಿನಪೂರ್ತಿ ಬೈದು ಬೈದು ಸಿಂದಗಿಯ ಮನೆಗೆ ಬರುವ ಹೊತ್ತಿಗೆ ನನ್ನ ಬಾಯಲ್ಲಿ ಒಂದು ಒಳ್ಳೆಯ ಮಾತೂ ಉಳಿದಿರುತ್ತಿರಲಿಲ್ಲ. ಹಾಗಾಗಿ ಡಾಕ್ಟರು ನನಗೆ ಬಿಪಿ ಗುಳಿಗೆ ಬರೆದು ಕೊಟ್ಟಾಗ ನನ್ನ ಹೆಂಡತಿ, "ಬರೂದ ಇತ್ತು, ಬಂತು," ಎಂದಳು, ಅಷ್ಟೇ.

ಆದರೆ ಮಗಳಿಗೆ ಬರುವುದೆಂದರೇನು? ಒಂಬತ್ತನೇ ತರಗತಿಯ ಹುಡುಗಿ, ಒಣ ಕಡ್ಡಿಯಂಥ ಮೈ. ಖೋ ಖೋ ಆಡಲು ನಿಂತರೆ ಹಿಡಿಯಲು ಬಂದವಳ ಬಗಲಿನಿಂದ ನುಸುಳಿ ಓಡುವವಳು. ಶಾಲೆಗೆ ತಪಾಸಣೆಗೆಂದು ಬಂದ ನರ್ಸು ಅವಳ ತೋಳಿಗೆ ಪಟ್ಟಿ ಸುತ್ತಿ ನೋಡಿದಳಂತೆ. ನೀರು ಕುಡಿಸಿ, ಕೂರಿಸಿ, ಮತ್ತೆ ನೋಡಿದಳಂತೆ. ಮಷಿನ್ ಬದಲಿಸಿ ನೋಡಿದಳಂತೆ. ಆಮೇಲೆ, ನಾಳೆ ಅಪ್ಪನನ್ನು ಕರೆದುಕೊಂಡು ಬಾ ಎಂದು ಹೇಳಿ ಕಳಿಸಿದಳು. ನಾನು ಹೋಗಿ ಕೇಳಿದರೆ, ನನ್ನ ಬಿಪಿ ಗುಳಿಗೆ ಇಲ್ಲದೆ ಎಷ್ಟಿರುತ್ತಿತ್ತೋ ಅದಕ್ಕಿಂತ ನನ್ನ ಮಗಳದು ಹೆಚ್ಚು.

ನಮ್ಮವ್ವ, ಅಂದರೆ ಮಗಳ ಆಯಿ, ಕೇಳಿ ನಕ್ಕುಬಿಟ್ಟಳು. "ಕೂಸಿಗೆ ಎಲ್ಲಿ ಬಿಪಿ ಬರತೈತೋ? ಆ ಮಷಿನ್ನಿಗೇ ಜಡ್ಡ ಬಂದಿರಬೇಕು."

ಪಕ್ಕದ ಮನೆಯವಳು ಸುಮ್ಮನಿರಬೇಕಲ್ಲ. "ಅಪ್ಪನ ಸಿಟ್ಟ ಮಗಳ ರಕ್ತದಾಗ ಇಳದೈತಿ ಬಿಡ್ರಿ," ಎಂದಳು. ನನಗೆ ನಗು ಬರಲಿಲ್ಲ. ಹದಿನಾಲ್ಕು ವರ್ಷದ ಮೈಯಲ್ಲಿ ಐವತ್ತು ವರ್ಷದವನ ರೋಗ ಯಾಕೆ ಬಂತು ಎಂದು ಸ್ಟೇರಿಂಗ್ ಹಿಡಿದಲ್ಲೆಲ್ಲ ಅದೇ ಯೋಚನೆ.

ಬಸವನ ಬಾಗೇವಾಡಿಯಲ್ಲಿ ಮಕ್ಕಳ ಡಾಕ್ಟರೊಬ್ಬರು ಚಲೋ ನೋಡುತ್ತಾರೆ ಎಂದು ಕಂಡಕ್ಟರ್ ಹೇಳಿದ. ರಜೆ ಹಾಕಿ ಮಗಳನ್ನೂ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಡಾಕ್ಟರು ಸಮಾಧಾನದ ಮನುಷ್ಯ.

"ದೊಡ್ಡವರಿಗೆ ಬಂದ್ರ ವಯಸ್ಸಿಗೆ ಬಂತು, ಚಿಂತಿಗೆ ಬಂತು ಅಂತೇವ್ರಿ," ಎಂದರು. "ಮಕ್ಕಳಿಗೆ ಸುಮ್ಮಸುಮ್ಮನ ಬರಂಗಿಲ್ಲ. ಕಾರಣ ಹುಡುಕಬೇಕು. ಮೊದಲ ಮೂತ್ರದಾಗ ಹುಡುಕೂಣು. ಉಪ್ಪು ಎಷ್ಟು ಹೊರಗ ಹೊಂಟೈತಿ, ಅಲ್ಬುಮಿನ್ ಅನ್ನೂ ಸತ್ವ ಏನರ ಸೋರಾಕತ್ತೈತೇನು, ಎಲ್ಲಾ ಅದರಾಗ ಗೊತ್ತಾಗತೈತಿ."

ಲ್ಯಾಬಿನವಳು ಒಂದು ಬಿಳಿ ಪ್ಲಾಸ್ಟಿಕ್ ಕ್ಯಾನು ಕೊಟ್ಟಳು. ಮೈಮೇಲೆ ಅಳತೆಯ ಗೆರೆಗಳಿದ್ದವು. ಮುಂಜಾನೆ ಎದ್ದ ಕೂಡಲೇ ಹೋಗುವ ಮೊದಲ ಮೂತ್ರ ಬಚ್ಚಲಿಗೆ. ಅಲ್ಲಿಂದ ಮುಂದೆ ಹಗಲು ರಾತ್ರಿ ಹೋದದ್ದೆಲ್ಲ ಕ್ಯಾನಿಗೆ. ಮರುದಿನ ಮುಂಜಾನೆಯದೂ ಕ್ಯಾನಿಗೆ. ಒಂದು ಹನಿಯೂ ಹೊರಗೆ ಹೋಗಬಾರದು ಎಂದು ಹೆಂಡತಿಗೆ ಹೇಳಿ ಹೇಳಿ ಕಳಿಸಿದಳು. ಮಗಳು ನಾಚಿಕೆಯಿಂದ ಸತ್ತೇ ಹೋಗಿದ್ದಳು. ಆ ಕ್ಯಾನನ್ನು ವೇಲಿನೊಳಗೆ ಮುಚ್ಚಿಟ್ಟುಕೊಂಡು, ಬಸ್ಸಿನಲ್ಲಿ ಯಾರ ಮುಖವನ್ನೂ ನೋಡದೆ ಸಿಂದಗಿಯವರೆಗೆ ಕೂತಿದ್ದಳು.

ಶಾಲೆ ಇಲ್ಲದ ಭಾನುವಾರವೇ ಆ ಕೆಲಸಕ್ಕೆ ಆಯಿತು. ನಾನು ಡ್ಯೂಟಿಯ ಮೇಲೆ ಮುದ್ದೇಬಿಹಾಳದಲ್ಲಿದ್ದೆ. ಮನೆಯಲ್ಲಿ ಹೆಂಡತಿ, ನಮ್ಮವ್ವ, ಮಗಳು, ಮತ್ತೆ ಹೆಂಡತಿಯ ತಮ್ಮ. ಅವನು ಮುದ್ದೇಬಿಹಾಳದವನು, ಗರಡಿಯಲ್ಲಿ ಸಾಮು ಮಾಡಿ ಮೈ ಬೆಳೆಸಿದ ಪೈಲವಾನ. ಸಿಂದಗಿಯಲ್ಲಿ ಯಾವನೋ ಗೆಳೆಯನ ಮದುವೆಯೆಂದು ಬಂದು ನಮ್ಮಲ್ಲಿಯೇ ಇಳಿದಿದ್ದ. ಸೋಮವಾರ ಹೆಂಡತಿ ಕ್ಯಾನು ಮುಟ್ಟಿಸಿ ಬಂದಳು. ಕಂಠಮಟ್ಟ ತುಂಬಿದ್ದ ಕ್ಯಾನು ನೋಡಿ ಲ್ಯಾಬಿನವಳು, "ಹುಡುಗಿ ನೀರ ಚಲೋ ಕುಡೀತಾಳ," ಎಂದಳಂತೆ. ಹೆಂಡತಿ ಅದನ್ನು ಹೊಗಳಿಕೆ ಎಂದೇ ತಿಳಿದು ನನಗೆ ಫೋನಿನಲ್ಲಿ ಹೇಳಿದಳು.

ರಿಪೋರ್ಟು ಬಂದ ದಿನ ಡಾಕ್ಟರು ಕನ್ನಡಕ ತೆಗೆದು ಮಗಳನ್ನು ನೋಡಿದರು. "ಏನವಾ, ಎಷ್ಟ ಉಪ್ಪು ತಿಂತೀ? ದಿನಾ ಕಲ್ಲ ಹೊರೂ ಗಂಡಸ ತಿಂದಂಗ ತಿಂದೀಯಲ್ಲ!" ಅಲ್ಬುಮಿನ್ ಮಾತ್ರ ಅಂಚಿನಲ್ಲಿದೆ, ಓಡಿ ಆಡುವ ಮಕ್ಕಳಿಗೆ ಅಷ್ಟು ಕಾಣುತ್ತದೆ, ಅದಕ್ಕೆ ಹೆದರಬೇಡಿ ಎಂದರು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಅಂಗಡಿಯ ಕುರುಕಲು ಎಲ್ಲ ಬಂದ್. ಉಪ್ಪು ಬಿಟ್ಟರೆ ಬಿಪಿ ತಾನೇ ಇಳಿಯುತ್ತದೆ, ಈಗಲೇ ಗುಳಿಗೆ ಬೇಡ ಎಂದರು. ನಮಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷ. ಬರೀ ಉಪ್ಪು! ಉಪ್ಪು ಬಿಡಿಸುವುದೇನು ದೊಡ್ಡ ಕೆಲಸ ಎಂದು ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ಮೂವರೂ ಚಹಾ ಕುಡಿದೆವು.

ದೊಡ್ಡ ಕೆಲಸವೇ ಆಯಿತು. "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆ ತಾಯಿಯೇ ಉಪ್ಪಿಗೆ ವೈರಿಯಾದಳು. ಲಿಂಬೆ ಉಪ್ಪಿನಕಾಯಿಯ ಭರಣಿ ಪಕ್ಕದ ಮನೆಗೆ ಹೋಯಿತು. ಮಜ್ಜಿಗೆ ಮೆಣಸಿನಕಾಯಿ ಹೋಯಿತು. ಉಪ್ಪಿನ ಪೊಟ್ಟಣ ಹೆಂಡತಿಯ ಮದುವೆ ಸೀರೆಯ ಟ್ರಂಕಿನೊಳಗೆ ಸೇರಿ, ಬೀಗ ಬಿತ್ತು. ನಮ್ಮವ್ವನಿಗೆ ಬೇರೆ ಬೇಳೆ, ಹುಡುಗಿಗೆ ಬೇರೆ ಬೇಳೆ. ಹುಡುಗಿ ಸಪ್ಪೆ ಶೇಂಗಾ ಚಟ್ನಿಯನ್ನು ರೊಟ್ಟಿಗೆ ಹಚ್ಚಿ ಬಾಯಲ್ಲಿಟ್ಟುಕೊಂಡು ನುಂಗಲಾರದೆ ಕೂಡುವುದನ್ನು ನೋಡಲಾರದೆ, ನಾನೂ ಅವಳ ಜೊತೆ ಸಪ್ಪೆಯೇ ಉಣ್ಣುತ್ತೇನೆ ಎಂದೆ. ಇಂಡಿಯಿಂದ ಚೀಲದ ತುಂಬ ಲಿಂಬೆಹಣ್ಣು ತಂದೆ. ಅಪ್ಪ ಮಗಳು ಎದುರುಬದುರು ಕೂತು, ಎಲ್ಲದರ ಮೇಲೂ ಲಿಂಬೆ ಹಿಂಡಿಕೊಂಡು ತಿಂದೆವು. "ಅಪ್ಪಾ, ಇದು ಊಟ ಅಲ್ಲ, ಶಿಕ್ಷಾ," ಎಂದು ಮೊದಮೊದಲು ನಗುತ್ತಿದ್ದಳು.

ಕೆಲವು ತಿಂಗಳು ಕಳೆದವು. ನನ್ನ ಬಿಪಿ ಇಳಿಯಿತು. ಡಿಪೋದ ತಪಾಸಣೆಯಲ್ಲಿ ಡಾಕ್ಟರು ಬೆನ್ನು ತಟ್ಟಿ ಗುಳಿಗೆ ಅರ್ಧ ಮಾಡಿದರು. ಮಗಳದು ಇಳಿಯಲಿಲ್ಲ. ತಿಂಗಳಿಗೊಮ್ಮೆ ಊರಲ್ಲೇ ಆ ಶಾಲೆಯ ನರ್ಸಿನ ಹತ್ತಿರ ನೋಡಿಸಿದಾಗೆಲ್ಲ ಇದ್ದಲ್ಲೇ ಇತ್ತು, ಒಮ್ಮೆ ಮೇಲೆಯೇ ಹೋಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಪಥ್ಯ ಅವಳಿಗೆ, ಗುಣ ನನಗೆ.

ನನ್ನ ಹೆಂಡತಿಗೆ ಅದರ ಅರ್ಥ ಒಂದೇ ಆಗಿ ಕಂಡಿತು. "ಒಂದ ತಾಟಿನ್ಯಾಗ ಉಂಡ್ರಿ ಇಬ್ಬರೂ. ಅಪ್ಪಂದು ಇಳೀತು, ನಿಂದ್ಯಾಕ ಇಳೀಲಿಲ್ಲ? ಹೇಳ. ಎಲ್ಲಿ ಕದ್ದ ತಿಂತಿ?"

"ನಾ ತಿಂದಿಲ್ಲವಾ."

"ಮತ್ತ ನಿನ್ನ ಉಚ್ಚಿಯಾಗ ಬಂದದ್ದು ಯಾರ ಉಪ್ಪ? ನನ್ನದೇನು?"

ಅಲ್ಲಿಂದ ಮನೆ ಪೊಲೀಸ್ ಸ್ಟೇಷನ್ ಆಯಿತು. ಶಾಲೆಯಿಂದ ಬಂದವಳ ಬಾಯಿ ಮೂಸಿ ನೋಡುವುದು, ಚೀಲ ಜಾಡಿಸುವುದು, ಗೆಳತಿಯರನ್ನು ಬಾಗಿಲಲ್ಲಿ ನಿಲ್ಲಿಸಿ ಯಾರ ಡಬ್ಬಿಯಲ್ಲಿ ಉಂಡಳು ಎಂದು ಕೇಳುವುದು. ಗೆಳತಿಯರು ಬರುವುದನ್ನೇ ಬಿಟ್ಟರು. ನಮ್ಮವ್ವ ಮೂಲೆಯಲ್ಲಿ ಕೂತು, "ಉಪ್ಪ ತಿಂದಾಕಿ ನೀರ ಕುಡೀಬೇಕವಾ, ಖರೇ ಹೇಳಿಬಿಡು," ಎನ್ನುತ್ತಿದ್ದಳು. ಒಂದು ದಿನ ಚೀಲದೊಳಗೆ, ಹುಡುಗಿಯರು ಉಪ್ಪು ಹಚ್ಚಿ ತಿನ್ನುವ ಹುಣಸೆಕಾಯಿಯ ಚೂರು ಸಿಕ್ಕಿತೆಂದು ಹೆಂಡತಿ ಮಗಳ ಕೆನ್ನೆಗೆ ಹೊಡೆದಳು. ಹೊಡೆದ ಮೇಲೆ ತಾನೇ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅವಳಿಗೂ ಹೆದರಿಕೆಯೇ. ಹೆದರಿದವರಿಗೆ ಯಾರನ್ನಾದರೂ ಬೈಯಬೇಕು, ಇಲ್ಲದಿದ್ದರೆ ಜೀವ ನಿಲ್ಲುವುದಿಲ್ಲ. ನನಗೆ ಅದು ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ.

ಮಗಳು ನಗುವುದನ್ನು ಬಿಟ್ಟಳು. ಒಂದು ಸಂಜೆ ತಾಟು ದೂಡಿ, "ಏನೂ ತಿನ್ನದ ಇದ್ರ ಆವಾಗರ ನಂಬ್ತೀರೇನು?" ಎಂದಳು. ಆ ಸಂಜೆ ನಿಜವಾಗಿಯೂ ಏನೂ ತಿನ್ನಲಿಲ್ಲ. ಮುಂಜಾನೆ ಅವಳ ಕಣ್ಣ ಸುತ್ತ ಬಾತಿರುತ್ತಿತ್ತು. ಅತ್ತು ಅತ್ತು ಬಾತಿವೆ ಎಂದು ನಾವು ತಿಳಿದೆವು. ಅಳುವ ಹುಡುಗಿಯ ಕಣ್ಣು ಬಾಯುವುದರಲ್ಲಿ ವಿಶೇಷವೇನಿದೆ? ಮೂತ್ರ ಸಾಬೂನು ಕದಡಿದಂತೆ ನೊರೆ ನೊರೆಯಾಗಿ ಹೋಗುತ್ತಿತ್ತಂತೆ. ಅದನ್ನೂ ಅವಳು ಯಾರಿಗೂ ಹೇಳಲಿಲ್ಲ. ಆ ಕ್ಯಾನಿನ ಮೇಲೆ ಅಷ್ಟೆಲ್ಲ ರಾಮಾಯಣವಾದ ಮೇಲೆ, ಮತ್ತೆ ಅದರ ಮಾತು ತೆಗೆಯಲು ಯಾವ ಹುಡುಗಿಗೆ ಧೈರ್ಯ ಬಂದೀತು?

ಇಂಡಿಯಲ್ಲಿ ಶಾಲೆಗಳ ಖೋ ಖೋ ಪಂದ್ಯವಿತ್ತು. ಹೆಂಡತಿ ಬೇಡ ಎಂದಳು. ಡಾಕ್ಟರು ಆಟ ಬಿಡು ಎಂದಿರಲಿಲ್ಲ. ಇದ್ದದ್ದೊಂದು ಸಂತೋಷವನ್ನೂ ಕಿತ್ತುಕೊಳ್ಳಬೇಡ ಎಂದು ನಾನು ಜಗಳವಾಡಿದೆ. ಹುಡುಗಿಯರೆಲ್ಲ ನನ್ನ ಬಸ್ಸಿನಲ್ಲಿಯೇ ಹೊರಟರು. ಸಾಲೋಟಗಿ ದಾಟುವವರೆಗೆ ಹಾಡಿದ್ದೇ ಹಾಡಿದ್ದು. ನನ್ನ ಮಗಳು ಮಾತ್ರ ನನ್ನ ಹಿಂದಿನ ಸೀಟಿನಲ್ಲಿ ಹಣೆ ಒತ್ತಿ ಹಿಡಿದು ಕೂತಿದ್ದಳು. "ತಲಿ ನೋಯತೈತೇನವಾ?" ಎಂದರೆ, "ಏನಿಲ್ಲಪ್ಪಾ," ಎಂದಳು. ಏನಾದರೂ ಐತಿ ಎಂದರೆ ಮತ್ತೆ ಉಪ್ಪಿನ ವಿಚಾರಣೆ ಶುರುವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಇಂಡಿ ಸ್ಟ್ಯಾಂಡಿನಲ್ಲಿ ಊಟ ಮುಗಿಸಿ, ಮುದ್ದೇಬಿಹಾಳಕ್ಕೆ ಹೊರಳುವ ಗಾಡಿಯ ಮೇಲೆ ಕೂತಿದ್ದೆ. ಬಸ್ ತುಂಬಿತ್ತು. ಕಂಡಕ್ಟರ್ ಸೀಟಿ ಊದುವುದಕ್ಕೂ ಫೋನು ಬರುವುದಕ್ಕೂ ಸರಿಹೋಯಿತು. ಮಗಳ ಪಿಟಿ ಮೇಡಮ್ಮು. "ಲಗೂನ ಬರ್ರಿ. ಹುಡುಗಿ ಕಣ್ಣ ಕಾಣವಲ್ದು ಅನ್ನಾಕತ್ತಾಳ."

ಗಾಡಿ ಬಂದ್ ಮಾಡಿ ಇಳಿದೆ. ಹಿಂದಿನಿಂದ ಒಬ್ಬ, "ಏ ಡ್ರೈವರ್, ನಮ್ಮನ್ನೇನು ಇಲ್ಲೇ ಕುಂಡ್ರಸ್ತೀ?" ಎಂದ. ಬೇರೆ ದಿನವಾಗಿದ್ದರೆ ಅವನ ಮೂರು ತಲೆಮಾರು ಜಾಲಾಡಿಸುತ್ತಿದ್ದೆ. ಕಂಟ್ರೋಲರ್ ನನ್ನ ಮುಖ ನೋಡಿ, "ಹೋಗ್ರಿ, ಬ್ಯಾರೆ ಡ್ರೈವರ್ ಹಾಕ್ತೇನಿ," ಎಂದ. ಓಡಿದೆ. ಬಸ್ ಓಡಿಸುವವನಿಗೆ ಕಾಲಿನಿಂದ ಓಡುವುದು ಮರೆತೇ ಹೋಗಿರುತ್ತದೆ. ಮೈದಾನದ ಬೇವಿನ ಗಿಡದ ಕೆಳಗೆ ಅವಳನ್ನು ಮಲಗಿಸಿದ್ದರು. ನನ್ನ ದನಿ ಕೇಳಿ ಕೈ ಮುಂದೆ ಚಾಚಿದಳು. ನಾನು ಎಡಕ್ಕಿದ್ದರೆ ಕೈ ಬಲಕ್ಕೆ ಹೋಯಿತು.

"ಅಪ್ಪಾ, ಎಲ್ಲಾ ಮಂಜ ಮಂಜ ಆಗೇತಿ. ಖರೇನ ನಾ ಏನೂ ತಿಂದಿಲ್ಲಪ್ಪಾ. ದೇವರಾಣಿ ತಿಂದಿಲ್ಲ."

ಅಯ್ಯೋ ನನ್ನವ್ವಾ! ಕಣ್ಣು ಹೋಗುತ್ತಿರುವಾಗಲೂ ಅವಳ ಮೊದಲ ಮಾತು ಅದು. ನಾನು ಅವಳನ್ನು ಎತ್ತಿಕೊಂಡೆ. ಎಷ್ಟು ಹಗುರಾಗಿದ್ದಳೆಂದರೆ ನನಗೆ ಅಳು ಬಂತು. ಇಂಡಿಯ ದವಾಖಾನೆಯಲ್ಲಿ ಪಟ್ಟಿ ಸುತ್ತಿದ ನರ್ಸು ಅಂಕಿ ನೋಡಿ ಡಾಕ್ಟರ ಕಡೆ ಓಡಿದಳು. ನಾಲಿಗೆಯ ಕೆಳಗೆ ಗುಳಿಗೆ, ಕೈಗೆ ಸಲೈನು, ಆಮೇಲೆ ಆ್ಯಂಬುಲೆನ್ಸಿನಲ್ಲಿ ವಿಜಯಪುರ. ದಾರಿಯುದ್ದಕ್ಕೂ ನಾನು ಆ ಡ್ರೈವರನಿಗೆ ಜೋರು ಹೊಡಿಯೋ ಎಂದು ಬೈಯುತ್ತಲೇ ಇದ್ದೆ.

ವಿಜಯಪುರದಲ್ಲಿ ಮೂತ್ರಪಿಂಡದ ಡಾಕ್ಟರು ಒಬ್ಬ ಹೆಣ್ಣುಮಗಳು. ಔಷಧ ಹೋದ ಮೇಲೆ ಮಗಳ ಕಣ್ಣು ನಿಧಾನ ತಿಳಿಯಾಯಿತು. ಅಷ್ಟರಲ್ಲಿ ಅವರು ಅವಳ ಮೂತ್ರದಲ್ಲಿ ಒಂದು ಕಾಗದದ ಪಟ್ಟಿ ಅದ್ದಿದ್ದರು. ಹಳದಿ ಇದ್ದದ್ದು ನೋಡುನೋಡುತ್ತ ಕಡುಹಸಿರಾಯಿತು. "ಅಲ್ಬುಮಿನ್ ಸುರದ ಸುರಿಯಾಕತ್ತೈತಲ್ರಿ! ಇಷ್ಟ ದಿನಾ ಏನ ಮಾಡಿದ್ರಿ?" ಎಂದು ಸಿಡುಕಿದರು. ನಾನೂ ಸಿಡುಕಿದೆ. ಬಾಗೇವಾಡಿಯಲ್ಲಿ ಕ್ಯಾನುಗಟ್ಟಲೆ ಕೊಟ್ಟಿದ್ದೇವೆ, ಅಲ್ಬುಮಿನ್ ಏನಿಲ್ಲ, ಬರೀ ಉಪ್ಪು ಎಂದು ಹೇಳಿದರು ಎಂದೆ. ಆ ರಿಪೋರ್ಟು ತರಿಸಿ ಎಂದರು. ಹೆಂಡತಿ ಮನೆಯಿಂದ ಫೋಟೊ ಹೊಡೆದು ಕಳಿಸಿದಳು.

ಅವರು ನನ್ನ ಫೋನನ್ನು ಹಿಗ್ಗಿಸಿ ಕುಗ್ಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಮಂಚದ ಮೇಲಿನ ಮಗಳನ್ನು ನೋಡಿದರು. "ಇದು ಈ ಹುಡುಗಿದ ಏನ್ರಿ?"

"ಹೌದ್ರಿ ಮೇಡಂ. ಮತ್ತ್ಯಾರದು?"

"ಕ್ರಿಯಾಟಿನಿನ್ ಅಂತ ಒಂದು ಐತ್ರಿ. ಮೈಯಾಗಿನ ಖಂಡದಿಂದ ಹುಟ್ಟಿ ದಿನಾ ಮೂತ್ರದಾಗ ಹೋಗತೈತಿ. ಮೈಯಾಗ ಖಂಡ ಎಷ್ಟ ಐತೋ ಅಷ್ಟ ಹೋಗೂದು. ಇಲ್ಲಿ ಬಂದದ್ದು ಇಂಥಾ ಹುಡುಗ್ಯಾರು ಇಬ್ಬರು ಮೂವರು ಕೂಡಿದ್ರೂ ಬರಂಗಿಲ್ಲ. ಈ ಕ್ಯಾನಿನ್ಯಾಗ ಬ್ಯಾರೆಯವರ್ದು ಕೂಡೇತಿ. ಮೈಕಟ್ಟ ಇದ್ದ ಗಂಡಸರ್ದು." ಆ ಇನ್ನೊಬ್ಬನ ಮೂತ್ರದಲ್ಲಿ ಇವಳ ಅಲ್ಬುಮಿನ್ ಮುಳುಗಿ ಹೋಗಿ, ಲೆಕ್ಕದಲ್ಲಿ ಕಡಿಮೆ ಕಂಡಿದೆ ಎಂದರು.

"ಹಂಗಾರ ಆ ಉಪ್ಪು?"

"ಅದೂ ಅವರ್ದ ಇರಬೇಕು."

ವರಾಂಡಕ್ಕೆ ಬಂದು ಮುದ್ದೇಬಿಹಾಳಕ್ಕೆ ಫೋನು ಹಚ್ಚಿದೆ. ನಮ್ಮ ಮನೆಯಲ್ಲಿ ಮೈಕಟ್ಟಿನ ಗಂಡಸು ಅಂದರೆ ಆ ಭಾನುವಾರ ಒಬ್ಬನೇ ಇದ್ದ. ಹೆಂಡತಿಯ ತಮ್ಮ ಒಂದು ಸುತ್ತಿಗೇ ಒಪ್ಪಿಕೊಂಡ. ಒಪ್ಪಿಕೊಂಡ ಅಂದರೇನು, ಹೆಮ್ಮೆಯಿಂದಲೇ ಹೇಳಿದ.

"ಹೌದ್ರಿ ಮಾವಾರ, ನಂದ. ಸಂಜಿಮುಂದ ನೋಡಿದ್ರ ಕ್ಯಾನಿನ ತಳಾನೂ ಮುಚ್ಚಿರಲಿಲ್ರಿ. ಹುಡುಗಿ ನೀರ ಕುಡ್ಯಾಕ ವಲ್ಲೆ ಅಂತಿತ್ತು. ನಿಮ್ಮವ್ವಾರು, ಸ್ವಾದರಮಾವ ಇದ್ದೀಯಪಾ, ಭಾಂಡೆ ಬರೇದ ಹೋಗೂದು ಚಂದಲ್ಲ, ತುಂಬಿಸಿಕೊಡು ಅಂದ್ರು. ನನ್ನ ಸ್ವಾದರಸೊಸಿಗೆ ಇಷ್ಟೂ ಮಾಡದಿದ್ರ ಹೆಂಗ್ರಿ? ಮದಿವಿಯಾಗ ಉಂಡ ಬಂದಿದ್ದೆ, ನೀರೂ ಭಾಳ ಕುಡದಿದ್ದೆ. ರಾತ್ರಿಪೂರ್ತಿ ನಾಕೈದ ಸಲಕ್ಕ ಕಂಠಮಟ ಬಂತ್ರಿ. ಮುಂಜಾನೆ ಹುಡುಗೀದು ಕ್ಯಾನಿನ್ಯಾಗ ಹಿಡಸಲಿಲ್ಲ, ಬಚ್ಚಲಕ ಹಾಕಿದ್ವಿ. ಕ್ಯಾನು ನಿಮ್ಮವ್ವಾರ ಕೈಯಾಗ ಇತ್ತು, ಅಕ್ಕಗೂ ಹುಡುಗಿಗೂ ಗೊತ್ತಿಲ್ರಿ."

"ಏ ಮಂಗ್ಯಾನ ಮಗನ!" ಎಂದು ಕೂಗಿದೆ. ವರಾಂಡದ ಮಂದಿಯೆಲ್ಲ ತಿರುಗಿ ನೋಡಿದರು. "ಅದೇನು ಕಬ್ಬಿನ ಹಾಲು ಅಂತ ತಿಳದಿಯೇನೋ? ನನ್ನ ಮಗಳ ಜೀವಕ್ಕ ಎರವಾದ್ಯಲ್ಲೋ!" ಇನ್ನೂ ಏನೇನೋ ಅಂದೆ, ಬರೆಯುವಂಥವಲ್ಲ. ಆ ಕಡೆಯಿಂದ ಅಷ್ಟೆತ್ತರದ ಪೈಲವಾನ ಸಣ್ಣ ಹುಡುಗನ ಹಾಗೆ ಬಿಕ್ಕುವುದು ಕೇಳಿಸಿತು. ನಾನು ಫೋನು ಇಟ್ಟೆ.

ನಮ್ಮವ್ವ ಮರುದಿನ ಹೆಂಡತಿಯ ಜೊತೆ ವಿಜಯಪುರಕ್ಕೆ ಬಂದಳು. ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. "ನೆರಿಮನಿಯಿಂದ ಪಲ್ಯಾದ ಬಟ್ಟಲ ಬಂದ್ರ ಬರೇದ ಹೊಳ್ಳಿ ಕೊಟ್ಟೇವೇನೋ? ಒಂದ ಹಿಡಿ ಜ್ವಾಳಾ, ಒಂದ ಚೂರ ಬೆಲ್ಲಾ ಹಾಕೇ ಕೊಡತೇವಿ. ಕಣದಾಗ ಸೇರ ಅಳದ್ರ ಮ್ಯಾಲ ಗೋಪುರ ನಿಂದ್ರಂಗ ಅಳೀತೇವಿ. ಅವರು ಗೆರಿ ಕೊರದ ಭಾಂಡೆ ಕೊಟ್ಟಾರ. ಅದರಾಗ ತಳಾ ಮುಚ್ಚೂವಷ್ಟ ಕೊಟ್ಟು ಕಳಿಸಿದ್ರ, ಹುಡುಗಿಯಾಗ ಏನೋ ಕೊರತಿ ಐತಿ ಅಂತ ಅನ್ನಂಗಿಲ್ಲೇನು?" ಹುಡುಗಿಯಲ್ಲಿ ಕೊರತೆ ಇದೆಯೇ ಎಂದು ನೋಡುವುದಕ್ಕೇ ಆ ಕ್ಯಾನು ಕೊಟ್ಟದ್ದು ಎಂದು ಅವಳಿಗೆ ಹೇಗೆ ಹೇಳಲಿ? ಎಂಬತ್ತು ಮುಟ್ಟಿದ ಜೀವ. ಯಾರ ಮನೆಗೂ ಕಡಿಮೆ ಅಳತೆ ಕೊಟ್ಟವಳಲ್ಲ. ಅವಳ ಮೇಲಿನ ಸಿಟ್ಟು ಅಲ್ಲಿಯೇ ಇಳಿಯಿತು. ಆ ಬಾಗೇವಾಡಿಯ ಡಾಕ್ಟರ ಮೇಲೆ ಮಾತ್ರ ಇವತ್ತಿಗೂ ಇಳಿದಿಲ್ಲ. ಉಪ್ಪಿನ ಅಂಕಿ ನೋಡಿದ ಕಣ್ಣಿಗೆ ಅದೇ ಹಾಳೆಯಲ್ಲಿದ್ದ ಕ್ರಿಯಾಟಿನಿನ್ ಕಾಣಲಿಲ್ಲವೇ? ಕಂಡಿದ್ದರೆ ಅವತ್ತೇ ಇನ್ನೊಂದು ಕ್ಯಾನು ಕೊಡುತ್ತಿದ್ದರಲ್ಲ!

ವಿಜಯಪುರದ ಡಾಕ್ಟರು ಹೊಸ ಕ್ಯಾನು ಕೊಟ್ಟರು. ಈ ಸಲ ಯಾರ ಕೈಗೂ ಕೊಡದೆ ನಾನೇ ಕಾವಲು ಕೂತೆ. ಮಗಳು ಒಳಗೆ ಹೋಗಿ ಬಂದು ಸಣ್ಣ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಮುಖ ತಿರುಗಿಸುತ್ತಿದ್ದಳು. ನಾನು ಕ್ಯಾನಿಗೆ ಸುರಿಯುತ್ತಿದ್ದೆ. ಮೇಲೆ ನೊರೆ ನಿಲ್ಲುತ್ತಿತ್ತು, ಎಷ್ಟು ಹೊತ್ತಾದರೂ ಇಳಿಯುತ್ತಿರಲಿಲ್ಲ. ಮಗಳು ದಿನದಿನವೂ ತಿಂದದ್ದು, ಓಡಿ ಗಳಿಸಿದ್ದು, ಬೆಳೆಯಬೇಕಾದ ಮೈಯ ಸತ್ವವೆಲ್ಲ ಅದರಲ್ಲಿ ಸೋರಿ ಹೋಗುತ್ತಿತ್ತು. ನಾನು ಕೈಯಲ್ಲಿ ಹಿಡಿದು ನೋಡುತ್ತಿದ್ದೆ, ತಡೆಯಲು ಮಾತ್ರ ಆಗುತ್ತಿರಲಿಲ್ಲ. ಕಂಡ ಕಂಡ ದೇವರಿಗೆ ಬೇಡಿಕೊಂಡೆ. ನನ್ನದು ತಗೋ, ಇವಳದು ಬಿಡು ಎಂದೆ. ನನ್ನ ಬಿಪಿ ಇಳಿಸಿದ ದೇವರ ಮೇಲೆ ಆಗ ನನಗೆ ಅಷ್ಟೊಂದು ಸಿಟ್ಟು ಬಂದಿತ್ತು.

ಆಮೇಲೆ ಬೆನ್ನಿನಿಂದ ಸೂಜಿ ಹಾಕಿ ಮೂತ್ರಪಿಂಡದ ಚೂರು ತೆಗೆದರು. ಮಗಳು ನನ್ನ ಹೆಬ್ಬೆರಳನ್ನು ಹಿಡಿದುಕೊಂಡಿದ್ದಳು, ಅಳಲಿಲ್ಲ. ವರದಿ ಬಂದ ದಿನ ಡಾಕ್ಟರು ಮೊದಲು ನನ್ನೊಬ್ಬನನ್ನೇ ಕರೆದರು. ರಕ್ತ ಸೋಸುವ ಜರಡಿ ಕೆಟ್ಟಿದೆ, ಬಿಪಿ ಏರಿದ್ದೂ ಅದರಿಂದಲೇ, ಏರಿದ ಬಿಪಿ ಜರಡಿಯನ್ನು ಇನ್ನಷ್ಟು ಹರಿದಿದೆ ಎಂದರು. ಹರಿದದ್ದು ಮತ್ತೆ ಕೂಡುವುದಿಲ್ಲ. ಉಳಿದದ್ದನ್ನು ಗುಳಿಗೆಗಳಿಂದ ಕಾಯಬೇಕು. ಎಷ್ಟು ವರ್ಷ ಕಾಯಲು ಆಗುತ್ತದೆ ಎಂದು ಅವರೂ ಹೇಳಲಾರರು.

"ಮೊದಲನೇ ಕ್ಯಾನು ಖರೇ ಇದ್ದಿದ್ರ, ಮೇಡಂ?" ಎಂದು ಕೇಳಿದೆ. ಕೇಳಬಾರದಿತ್ತು.

ಅವರು ಸುಳ್ಳು ಹೇಳುವ ಹೆಣ್ಣುಮಗಳಲ್ಲ. "ಆವಾಗ ಸುರು ಮಾಡಿದ್ರ ಇದಕ್ಕಿಂತ ಭಾಳ ಉಳೀತಿತ್ರಿ," ಎಂದರು.

ಹುಡುಗಿಗೆ ಎಲ್ಲವನ್ನೂ ಹೇಳಲೇಬೇಕು, ಗುಳಿಗೆ ನುಂಗುವವಳು ಅವಳು ಎಂದು ಡಾಕ್ಟರು ವಾರ್ಡಿಗೆ ನಡೆದರು. ನಾನು ಹಿಂದೆ ಹೋದೆ. ಮಂಚದ ಪಕ್ಕ ಹೆಂಡತಿಯೂ ನಮ್ಮವ್ವನೂ ಇದ್ದರು. ಡಾಕ್ಟರು ಮಗಳ ಪಕ್ಕದಲ್ಲೇ ಕೂತು, ಮೂತ್ರಪಿಂಡ ಎಷ್ಟು ಹಾಳಾಗಿದೆ, ಏನೇನು ಔಷಧ, ಅದರಿಂದ ಮುಖ ಹೇಗೆ ಉಬ್ಬಬಹುದು, ಓಡುವ ಆಟ ಸದ್ಯಕ್ಕೆ ಯಾಕೆ ಬೇಡ, ಉಪ್ಪು ಮುಂದೆಯೂ ಯಾಕೆ ಕಡಿಮೆ ಇರಬೇಕು ಎಲ್ಲವನ್ನೂ ಮೆಲ್ಲಗೆ ಬಿಡಿಸಿ ಹೇಳಿದರು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಮಗಳ ಮುಖ ನೋಡುವ ಶಕ್ತಿ ನನಗಿರಲಿಲ್ಲ.

ಆಗ ಅವಳ ದನಿ ಬಂತು. "ಮೇಡಂ, ಈ ಸಲದ ಕ್ಯಾನಿನ್ಯಾಗ ಉಪ್ಪು ಎಷ್ಟಿತ್ತು?"

"ಭಾಳ ಕಡಿಮಿ ಇತ್ತವಾ. ಪಥ್ಯಾ ಅಂದ್ರ ಹಿಂಗ ಮಾಡಬೇಕು. ನಿನ್ನಷ್ಟ ಚಂದ ಮಾಡಿದವರನ್ನ ನಾ ನೋಡಿಲ್ಲ."

ತಿರುಗಿ ನೋಡಿದೆ. ನನ್ನ ಮಗಳು ನಗುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಹಲ್ಲು ಕಾಣುವಂತೆ, ಪಂದ್ಯ ಗೆದ್ದು ಬಂದವಳಂತೆ ನಗುತ್ತಿದ್ದಳು. ಮೂತ್ರಪಿಂಡದ ಮಾತು ಅವಳ ಕಿವಿಗೆ ಬಿದ್ದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ತಾಯಿಯ ಮುಖದ ಮೇಲಿನ ಸೆರಗನ್ನು ಮೆಲ್ಲಗೆ ಕೆಳಗೆ ಎಳೆದು, ಡಾಕ್ಟರ ಕಡೆ ತಿರುಗಿ ಕೇಳಿದಳು:

"ಇನ್ನೊಮ್ಮೆ ಹೇಳ್ರಿ ಮೇಡಂ. ನಮ್ಮವ್ವಗ ಕೇಳಸಂಗ ಹೇಳ್ರಿ."